ಹರದಾರಿಗೆ ಕಾಲುಪಾಲು ಕಡಿಮೆ

ರೋಡೆನ್‌ಹೈಮ್ ಊರಿನಲ್ಲಿ ಕೊಪೆಲ್ ವೈಲ್ ಎಂಬುವನು ಗುಂಡಿ, ಲಾಡಿ, ಸೂಜಿ, ದಾರಗಳ ಅಂಗಡಿ ಇಟ್ಟಿದ್ದ. ಈ ವ್ಯಾಪಾರದಲ್ಲಿ ಒಂದು ದೊಡ್ಡ ಕೊರತೆಯಿದೆ. ಅಂಗಿಯ ಗುಂಡಿ ಕಿತ್ತುಹೋದವನು ತಾನೇ ಅಂಗಡಿಗೆ ನಡೆದು ಬರುತ್ತಾನೆ. ಅಂಗಡಿಯವನು ಎಲ್ಲಿಗೂ ಹೋಗಬೇಕಾದ್ದಿಲ್ಲ. ಅಲ್ಸಾಸ್ ಸೀಮೆಯ ಯಹೂದಿ ಗಂಡಸರಲ್ಲಿ ಮುಕ್ಕಾಲು ಪಾಲು ಸೋಮವಾರ ಬೆಳಿಗ್ಗೆ ದನವನ್ನೋ ಬಟ್ಟೆಯ ಗಂಟನ್ನೋ ಕಟ್ಟಿಕೊಂಡು ಊರು ಬಿಟ್ಟರೆ ಶುಕ್ರವಾರ ಸಬ್ಬತ್ತಿನ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವವರು. ಕೊಪೆಲನ ಪ್ರಯಾಣ ಮಾತ್ರ ಹಾಸಿಗೆಯಿಂದ ಅಂಗಡಿಗೆ, ಅಂಗಡಿಯಿಂದ ಪ್ರಾರ್ಥನೆಗೆಂದು ಸಿನಗಾಗಿಗೆ, ಅಲ್ಲಿಂದ ವಾಪಸು ಊಟದ ಮೇಜಿಗೆ. ಅದಕ್ಕೂ ಮೋಡ ಕಂಡರೆ ಕೊಡೆ ಹುಡುಕುತ್ತಿದ್ದ.

ಇದರಿಂದ ಅವನಿಗೇನೂ ಬೇಸರವಾಗುತ್ತಿರಲಿಲ್ಲ, ಎದುರು ಮನೆಯಲ್ಲಿ ಸೆಲಿಗ್ಮನ್ ಇಲ್ಲದೆ ಹೋಗಿದ್ದರೆ. ಸೆಲಿಗ್ಮನ್ ದನದ ವ್ಯಾಪಾರಿ. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ಎರಡು ಹೊಲದಾಚೆಗೂ ಕೇಳಿಸುವ ಕಂಠ. ಅವನು ಸೋಮವಾರ ಗಾಡಿ ಹೂಡಿದನೆಂದರೆ ಊರಿಗೆ ಊರೇ ಹೆಬ್ಬಾಗಿಲು ದಾಟಿ ಬೀಳ್ಕೊಡಲು ಹೋಗುತ್ತಿತ್ತು. ಯಾಕೆಂದರೆ ದಾರಿಯ ಪ್ರಾರ್ಥನೆಯನ್ನು ಮನೆಯಲ್ಲಿ ಹೇಳುವಂತಿಲ್ಲ. ಊರಿನ ಕೊನೆಯ ಮನೆ ದಾಟಿ ಎಪ್ಪತ್ತು ಮೊಳ ಹೋದಮೇಲೆ, ಬಯಲಿನಲ್ಲಿ ಹೇಳಬೇಕು. ಪೀಪಾಯಿ ಮಾಡುವವನ ಮನೆ ದಾಟಿದ ಮೇಲೆ ಸೆಲಿಗ್ಮನ್ ಗಾಡಿ ನಿಲ್ಲಿಸಿ, ‘ನಮ್ಮನ್ನು ಸುಖವಾಗಿ ನಡೆಸು, ಕಳ್ಳಕಾಕರಿಂದ ಕಾಡುಮೃಗಗಳಿಂದ ಕಾಪಾಡು’ ಎಂದು ದನಿಯೆತ್ತಿದರೆ ಹೆಂಗಸರು ಏಪ್ರನ್ನಿನ ತುದಿಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಕೊನೆಯ ಸ್ತುತಿವಾಕ್ಯ ಮುಗಿದ ಕೂಡಲೇ ‘ಆಮೆನ್!’ ಎನ್ನುವವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಎನ್ನುತ್ತಿದ್ದವಳು ಫ್ರೂಮೆಟ್.

ಫ್ರೂಮೆಟ್ ಎಂದರೆ ಕೊಪೆಲನ ಹೆಂಡತಿ.

ಕೊಪೆಲನೂ ಮನೆಯಲ್ಲಿ ಸ್ತುತಿ ಹೇಳುತ್ತಿದ್ದ. ಬ್ರೆಡ್ಡಿಗೆ, ದ್ರಾಕ್ಷಾರಸಕ್ಕೆ, ಊಟದ ಕೊನೆಗೆ. ಆಗಲೂ ಫ್ರೂಮೆಟ್ ‘ಆಮೆನ್’ ಎನ್ನುತ್ತಿದ್ದಳು, ಆದರೆ ಪಾತ್ರೆ ತೊಳೆಯುತ್ತ, ಬೆಕ್ಕನ್ನು ಗದರಿಸುತ್ತ. ಒಮ್ಮೆಯಂತೂ ಬೆಕ್ಕಿಗೆ ಹೇಳಿದಳೋ ತನಗೆ ಹೇಳಿದಳೋ ಕೊಪೆಲನಿಗೆ ತಿಳಿಯಲಿಲ್ಲ. ಸೆಲಿಗ್ಮನ್ನನಿಗೆ ಹೇಳುವಂಥ ಒಂದು ಆಮೆನ್ ತನಗೂ ಸಿಗಬೇಕು, ಜೀವಮಾನದಲ್ಲಿ ಒಂದೇ ಒಂದು ಸಲ ಸಿಕ್ಕರೂ ಸಾಕು ಎಂದು ಅವನು ಹೊಟ್ಟೆಯೊಳಗೇ ಬೆಂದುಹೋಗುತ್ತಿದ್ದ.

ಹೊಟ್ಟೆಕಿಚ್ಚಿನಿಂದ ಜನ ಹಾಳಾಗುತ್ತಾರೆ ಎನ್ನುತ್ತಾರೆ. ಕೊಪೆಲ್ ಪಂಡಿತನಾದ. ಸೆಲಿಗ್ಮನ್ನನಲ್ಲಿ ತಪ್ಪು ಹುಡುಕಲೆಂದೇ ಅವನು ದಾರಿಯ ಪ್ರಾರ್ಥನೆಯ ನಿಯಮಗಳನ್ನೆಲ್ಲ ಓದಿ ಅರೆದು ಕುಡಿದ. ಎಷ್ಟು ದೂರಕ್ಕೆ ಹೇಳಬೇಕು, ಎಲ್ಲಿ ನಿಂತು ಹೇಳಬೇಕು, ಮರೆತವನು ಎಲ್ಲಿಯವರೆಗೆ ಹೇಳಬಹುದು, ದಿನಕ್ಕೆ ಎಷ್ಟು ಸಲ ಹೇಳಬಹುದು, ಎಲ್ಲವೂ ಬಾಯಿಪಾಠ. ಹೀಗೆ ಊರಿನಲ್ಲಿ ಎಂದೂ ಪ್ರಯಾಣ ಮಾಡದಿದ್ದ ಒಬ್ಬನೇ ಮನುಷ್ಯ ಪ್ರಯಾಣಶಾಸ್ತ್ರದಲ್ಲಿ ಊರಿಗೇ ದೊಡ್ಡವನಾಗಿ ನಿಂತ. ಊರಿನ ಧರ್ಮಗುರು ರಬ್ಬಿ ಆಷೆರ್ ಕೂಡ ಅನುಮಾನ ಬಂದರೆ ಗುಂಡಿ ಕೊಳ್ಳುವ ನೆಪದಲ್ಲಿ ಅಂಗಡಿಗೆ ಬರುತ್ತಿದ್ದರು.

ಒಂದು ಸೋಮವಾರ ಕೊಪೆಲ್ ಜನರ ಮಧ್ಯೆ ನಿಂತು, “ಏನಯ್ಯಾ ಸೆಲಿಗ್ಮನ್, ಗಾಡಿ ಮೇಲೆ ಕೂತುಕೊಂಡೇ ಹೇಳಿಬಿಟ್ಟೆಯಲ್ಲ! ಇಳಿಯೋಕೆ ಆಗೋ ಹಾಗಿದ್ದರೆ ಇಳಿದು ನಿಂತು ಹೇಳಬೇಕು, ಗೊತ್ತಾ?” ಎಂದ.

ಸೆಲಿಗ್ಮನ್ ಕೆನ್ನೆ ಕೆನ್ನೆ ಬಡಿದುಕೊಂಡ. “ಹೌದಾ ಕೊಪೆಲಣ್ಣ? ನಾನು ದನ ಕಾಯೋ ಮುಂಡೇದು, ನನಗೇನು ಗೊತ್ತು! ಹೇಳಿದ್ದು ಒಳ್ಳೇದಾಯ್ತು, ಮುಂದಿನ ವಾರದಿಂದ ಇಳೀತೀನಿ.”

ಮುಂದಿನ ವಾರ ಅವನು ಗಾಡಿಯಿಂದ ಇಳಿದು ನೆಟ್ಟಗೆ ನಿಂತು ಹೇಳಿದ. ನಿಂತಾಗ ಇನ್ನೂ ಎತ್ತರ ಕಂಡ, ದನಿ ಇನ್ನೂ ದೂರ ಹೋಯಿತು. “ಎಷ್ಟು ವಿನಯ ನೋಡಿ!” ಎಂದಳು ಫ್ರೂಮೆಟ್, ಗಂಡನಿಗೇ. ಕೊಪೆಲ್ ಆ ದಿನ ಮೂರು ಗಿರಾಕಿಗಳಿಗೆ ತಪ್ಪು ಗುಂಡಿ ಕೊಟ್ಟ.

ಕಿಡಿ ಹೊತ್ತಿದ್ದು ಒಂದು ಭಾನುವಾರ, ಪ್ಲಮ್ ಹಣ್ಣು ಬಿಡಿಸುವಾಗ.

“ನಾಳೆ ಸೆಲಿಗ್ಮನ್ ಮಧ್ಯಾಹ್ನದವರೆಗೂ ಹೊರಡಲ್ವಂತೆ ಕಣ್ರೀ,” ಎಂದಳು ಫ್ರೂಮೆಟ್. “ಕುದುರೆಗೆ ಲಾಳ ಹೊಡೆಸಬೇಕಂತೆ. ಬೆಳಿಗ್ಗೆಬೆಳಿಗ್ಗೆ ಅವರ ಪ್ರಾರ್ಥನೆ ಕೇಳದೆ ಇದ್ರೆ ವಾರ ಶುರುವಾದ ಹಾಗೇ ಅನ್ಸಲ್ಲ.”

“ಅವನದೇನು ಮಹಾ! ಅವನಿಗಿಂತ ಚೆನ್ನಾಗಿ ನನಗೆ ಬರುತ್ತೆ.”

“ಬರುತ್ತೆ ಬಿಡಿ. ಆದರೆ ನಿಮಗ್ಯಾಕ್ರೀ ಅದು? ಅಡುಗೆಮನೆಯಿಂದ ಅಂಗಡಿಗೆ ಹೋಗೋ ದಾರೀಲಿ ತೋಳ ಇದ್ಯಾ?”

ಕೊಪೆಲನ ಕಿವಿ ಕೆಂಪಾಯಿತು. ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ.

“ನಾಳೆ ನಾನು ಕೊಲ್ಮಾರ್‌ಗೆ ಹೋಗ್ತಿದೀನಿ!”

ಫ್ರೂಮೆಟ್ ಕೈಯಲ್ಲಿದ್ದ ಪ್ಲಮ್ ಬುಟ್ಟಿಗೆ ಬೀಳುವ ಬದಲು ಬೆಕ್ಕಿನ ಮೇಲೆ ಬಿತ್ತು. “ಯಾಕ್ರೀ?”

“ರಿಬ್ಬನ್ ತರೋಕೆ. ವ್ಯಾಪಾರ ಅಂದ ಮೇಲೆ ಗಂಡಸು ಊರೂರು ತಿರುಗಬೇಕು.”

ಕೊಲ್ಮಾರ್ ಎಲ್ಲಿದೆಯೆಂದು ಕೊಪೆಲನಿಗೆ ಸರಿಯಾಗಿ ಗೊತ್ತಿರಲಿಲ್ಲ. ಹೋಗುವ ಉದ್ದೇಶ ಮೊದಲೇ ಇರಲಿಲ್ಲ. ಅವನ ಹಂಚಿಕೆ ಬೇರೆ. ಊರ ಹೊರಗೆ ನಿಂತು ಪ್ರಾರ್ಥನೆ ಹೇಳುವುದು, ಎಲ್ಲರ ಆಮೆನ್ ತೆಗೆದುಕೊಳ್ಳುವುದು, ತಿರುವಿನಲ್ಲಿ ಮರೆಯಾಗುವುದು, ದ್ರಾಕ್ಷಿತೋಟದ ಕಾವಲು ಗುಡಿಸಲಿನಲ್ಲಿ ಸಂಜೆಯವರೆಗೆ ನಿದ್ದೆ ಹೊಡೆದು ‘ರಿಬ್ಬನ್ ಬೆಲೆ ವಿಪರೀತ’ ಎನ್ನುತ್ತ ಮನೆಗೆ ಬರುವುದು. ಇದರಲ್ಲಿ ಶಾಸ್ತ್ರಕ್ಕೇನೂ ಚ್ಯುತಿಯಿರಲಿಲ್ಲ. ಹರದಾರಿಗಿಂತ ಕಡಿಮೆ ದೂರ ಹೋಗುವವನೂ ಪ್ರಾರ್ಥನೆ ಹೇಳಬಹುದು, ಆದರೆ ದೇವರ ಹೆಸರು ಬರುವ ಕೊನೆಯ ಸ್ತುತಿವಾಕ್ಯವನ್ನು ಬಿಡಬೇಕು. ಆ ವಾಕ್ಯದ ಜಾಗದಲ್ಲಿ ಗಡ್ಡದೊಳಗೇ ಗುಣಗುಣ ಎಂದರೆ ಯಾರಿಗೆ ಗೊತ್ತಾಗುತ್ತದೆ! ಇಷ್ಟು ಚೊಕ್ಕವಾಗಿ ಮೋಸ ಮಾಡುವುದಕ್ಕೆ ಎಷ್ಟು ಓದಿಕೊಂಡಿರಬೇಕೆಂಬುದನ್ನು ಓದುಗರು ಗಮನಿಸಬೇಕು.

ಬೆಳಗಾಯಿತು. ಕೊಪೆಲ್ ಮದುವೆಯ ಬೂಟು, ಎತ್ತರದ ಟೋಪಿ ಹಾಕಿಕೊಂಡು ಹೊರಟ. ಸುದ್ದಿ ಮೊದಲೇ ಹಬ್ಬಿತ್ತು. ಸೆಲಿಗ್ಮನ್ನನನ್ನು ಕಳಿಸಲು ಎಂದೂ ಬಾರದ, ಕೊಪೆಲನಿಗೆ ಸಾಲ ಕೊಟ್ಟವರೂ ಅವತ್ತು ಬಂದಿದ್ದರು. ಸಿನಗಾಗಿನ ಪರಿಚಾರಕ ಗುಂಪೆಲ್ ಕೀಲಿಕೈ ಗೊಂಚಲು ಸಮೇತ ಓಡಿಬಂದ. “ಕೊಪೆಲ್ ಊರು ಬಿಡ್ತಾನೆ ಅಂದ್ರೆ ಏನು ಸಾಮಾನ್ಯವಾ! ಇನ್ನು ಚರ್ಚಿನ ಗೋಪುರವೂ ಎದ್ದು ಹೋಗುತ್ತೇನೋ!” ರಬ್ಬಿ ಆಷೆರ್ ಬಂದರು. ಎಲ್ಲಕ್ಕಿಂತ ಕೆಟ್ಟದೆಂದರೆ ಸೆಲಿಗ್ಮನ್ ಕೂಡ ಬಂದು ಕೊಪೆಲನನ್ನು ತಬ್ಬಿಕೊಂಡು, “ಹೋಗಿ ಬಾ ಅಣ್ಣ, ನೀನು ಹೇಳೋ ಪ್ರಾರ್ಥನೆಗೆ ಆಮೆನ್ ಅನ್ನೋಕೆ ಕಾಯ್ತಿದೀನಿ,” ಎಂದು ಕಣ್ಣಲ್ಲಿ ನೀರು ತಂದುಕೊಂಡ. ಇಂಥ ಒಳ್ಳೆಯ ಮನುಷ್ಯನನ್ನು ಹೇಗೆ ಸಹಿಸಿಕೊಳ್ಳುವುದು?

ಪೀಪಾಯಿಯವನ ಮನೆ ದಾಟಿದರು. ಕೊಪೆಲ್ ನಿಂತ. ಕೆಮ್ಮಿದ. ಶುರುಮಾಡಿದ.

ಮೊದಲು ದನಿ ಸಣ್ಣಗಿತ್ತು. ಆದರೆ ಕಳ್ಳಕಾಕರ ಹತ್ತಿರ ಬರುವಾಗ ಗಂಟಲು ಬಿಟ್ಟಿತು. ಕಾಡುಮೃಗಗಳ ಹೊತ್ತಿಗೆ ಗುಂಪೆಲ್ ಕೀಲಿಕೈ ಅಲ್ಲಾಡಿಸುವುದನ್ನು ನಿಲ್ಲಿಸಿದ. ಕೊಪೆಲ್ ಓರೆಗಣ್ಣಿನಿಂದ ನೋಡಿದ. ಫ್ರೂಮೆಟ್ ಏಪ್ರನ್ನಿನ ತುದಿ ಎತ್ತಿಕೊಂಡಿದ್ದಳು. ಅವಳ ಕಣ್ಣು ಅವನ ಮೇಲೇ ಇತ್ತು, ಬಾಯಿ ಆಮೆನ್‌ಗೆ ಸಿದ್ಧವಾಗಿ ಅರ್ಧ ತೆರೆದಿತ್ತು. ಆ ಬಾಯಿಯ ಮುಂದೆ ಗುಣಗುಣ ಎನ್ನಲು ಯಾವ ಗಂಡಸಿಗೆ ಆದೀತು? ಕೊಪೆಲ್ ಎದೆಯುಬ್ಬಿಸಿ, ಕೊನೆಯ ಸ್ತುತಿವಾಕ್ಯವನ್ನು ದೇವರ ಹೆಸರಿನ ಸಮೇತ, ರಾಗವೆಳೆದು, ದ್ರಾಕ್ಷಿತೋಟದ ಹಕ್ಕಿಗಳೆಲ್ಲ ಹಾರಿಹೋಗುವ ಹಾಗೆ ಹೇಳಿ ಮುಗಿಸಿದ.

“ಆಮೆನ್!” ಎಂದಳು ಫ್ರೂಮೆಟ್. ಅಂಥ ಆಮೆನ್ ಅವಳು ಸೆಲಿಗ್ಮನ್ನನಿಗೂ ಎಂದೂ ಹೇಳಿರಲಿಲ್ಲ.

ಕೊಪೆಲ್ ತೇಲುತ್ತ ತಿರುವು ದಾಟಿದ. ಗುಡಿಸಲು ಕಂಡಿತು. ಒಳಗೆ ಹೋಗಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

“ಅಯ್ಯಯ್ಯೋ! ಹೆಸರು ಹೇಳಿಬಿಟ್ಟೆ!”

ಈಗ ಅವನು ಹರದಾರಿ ಹೋಗದಿದ್ದರೆ ಆ ಸ್ತುತಿ ವ್ಯರ್ಥ. ದೇವರ ಹೆಸರನ್ನು ಸುಮ್ಮನೆ ಎತ್ತಿದ ಪಾಪ. ಅವನೊಬ್ಬನಿಗೇ ಆದರೆ ಹೇಗೋ ಆಗುತ್ತಿತ್ತು. ಊರೆಲ್ಲ ಆಮೆನ್ ಎಂದಿದೆ. ಎಲ್ಲರ ಆಮೆನ್ನೂ ಹಾಳು. ರಬ್ಬಿಯದೂ ಹಾಳು. ಫ್ರೂಮೆಟಳ ಆ ಆಮೆನ್, ಇಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದ ಆ ಆಮೆನ್, ಅದೂ ಮಣ್ಣುಪಾಲು! ಅದನ್ನು ಉಳಿಸಿಕೊಳ್ಳಬೇಕಾದರೆ ದಾರಿ ಒಂದೇ. ಹೇಳಿದ ಮೇಲೆ ಹೋಗಿಬಿಡುವುದು.

ಕೊಪೆಲ್ ವೈಲ್ ಗುಡಿಸಲಿಗೆ ಬೆನ್ನು ಹಾಕಿ ನಡೆಯತೊಡಗಿದ. ಮದುವೆಯ ಬೂಟು ಮದುವೆಯ ದಿನದಷ್ಟೇ ಕಚ್ಚುತ್ತಿತ್ತು.

ಮುಂದಿನ ಊರು ವೈಲರ್. ರೋಡೆನ್‌ಹೈಮಿನಿಂದ ಅದು ಹರದಾರಿಗೆ ಕಾಲುಪಾಲು ಕಡಿಮೆ ಎಂದು ರಬ್ಬಿಗೆ ತೋರಿಸಿಕೊಟ್ಟವನೇ ಕೊಪೆಲ್. ಆದ್ದರಿಂದ ವೈಲರ್ ದಾಟಿ ಇನ್ನೂ ಆ ಕಾಲುಪಾಲು ದೂರ ಹೋಗಲೇಬೇಕು. ಆದರೆ ವೈಲರ್‌ನ ಬೀದಿಯಲ್ಲೇ ಫ್ರೂಮೆಟಳ ಚಿಕ್ಕಮ್ಮ ಕೈಲೆ ಬಾತುಕೋಳಿಗೆ ಕಾಳು ಹಾಕುತ್ತ ನಿಂತಿದ್ದಳು. ಕೈಲೆ ದಪ್ಪಗೆ ಗಟ್ಟಿಮುಟ್ಟಾಗಿದ್ದ ವಿಧವೆ. ವೈಲರ್‌ನಲ್ಲಿ ಹೆಂಗಸರು ಸತ್ತರೆ ಮೈ ತೊಳೆದು ಕೋಡಿ, ಅಂದರೆ ಹೆಣದ ಬಿಳಿ ಬಟ್ಟೆ, ಉಡಿಸುವ ಮಂಡಳಿಗೆ ಅವಳೇ ಯಜಮಾನಿ. ಕೊಪೆಲ್ ಆ ಊರಿಗೆ ಅದುವರೆಗೆ ಬಂದಿದ್ದು ಎರಡೇ ಸಲ. ಒಮ್ಮೆ ಅವಳ ಅಕ್ಕ ಸತ್ತ ಸುದ್ದಿ ತಂದಿದ್ದ, ಇನ್ನೊಮ್ಮೆ ಅವಳ ಅಣ್ಣ ಸತ್ತ ಸುದ್ದಿ.

ಕೈಲೆ ಅವನನ್ನು ನೋಡಿದಳು. ಕಾಳಿನ ಬೋಗುಣಿ ಕೈಬಿಟ್ಟಳು.

“ಯಾರು ಹೋದ್ರು?”

“ಯಾರೂ ಇಲ್ಲ ಚಿಕ್ಕಮ್ಮ. ಸುಮ್ಮನೆ ಬಂದೆ.”

“ನೀನು ಸುಮ್ಮನೆ ಬರೋನಾ? ಮದುವೆ ಬೂಟು ಹಾಕ್ಕೊಂಡಿದೀಯ! ಫ್ರೂಮೆಟ್ ಹೇಗಿದಾಳೆ?”

ಫ್ರೂಮೆಟ್ ಹೆಸರು ಕಿವಿಗೆ ಬಿದ್ದದ್ದೇ ತಡ, ಅಪಾಯದಲ್ಲಿದ್ದ ಆ ಆಮೆನ್ ನೆನಪಾಗಿ ಕೊಪೆಲನ ಕಣ್ಣಲ್ಲಿ ನೀರು ತುಂಬಿತು. ಕಾಲಿನ ಬೊಬ್ಬೆಯೂ ಅದೇ ಗಳಿಗೆಯಲ್ಲಿ ಒಡೆದಿತ್ತು.

“ಅಯ್ಯೋ ನನ್ನ ಕಂದಾ!” ಎಂದು ಕೈಲೆ ಎದೆ ಬಡಿದುಕೊಂಡಳು. “ಬನ್ರೇ, ಬನ್ರೇ ಎಲ್ಲಾ! ನಮ್ಮ ಫ್ರೂಮೆಟ್ ಹೋಗ್ಬಿಟ್ಳು!”

“ಇಲ್ಲ ಚಿಕ್ಕಮ್ಮ, ಚೆನ್ನಾಗಿದಾಳೆ! ನನ್ನ ಬಿಡಿ, ಇನ್ನು ಹರದಾರಿಯ ಕಾಲುಭಾಗ ಬಾಕಿ ಇದೆ!”

ಆ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. “ಪಾಪ, ತಲೆ ಕೆಟ್ಟಿದೆ,” ಎಂದಳು ಒಬ್ಬಳು. “ನಮ್ಮ ಮಾವನೂ ಅತ್ತೆ ಹೋದಾಗ ಹೀಗೇ, ಆಡು ಕಾಣಿಸ್ತಿಲ್ಲ ಆಡು ಕಾಣಿಸ್ತಿಲ್ಲ ಅಂತಿದ್ರು,” ಎಂದಳು ಮತ್ತೊಬ್ಬಳು. ಎಲ್ಲರೂ ಸೇರಿ ಅವನನ್ನು ಒಳಗೆ ಎಳೆದರು. ಟೋಪಿ ತೆಗೆದಿಟ್ಟರು. ಸೂತಕದವನು ಚರ್ಮದ ಬೂಟು ಹಾಕಬಾರದೆಂದು ಬೂಟು ಕಿತ್ತರು. ಕೊಪೆಲನಿಗೆ ಅಂದು ಆದ ಒಂದೇ ಸುಖ ಅದು. ಗಿಡ್ಡ ಮಣೆಯೊಂದನ್ನು ಹಾಕಿ ಅದರ ಮೇಲೆ ಕೂರಿಸಿ ಬೇಯಿಸಿದ ಮೊಟ್ಟೆಯನ್ನು ಬಾಯಿಗೆ ತುರುಕಿದರು.

ಇಷ್ಟಾದರೂ ಕೊಪೆಲ್ ಬಾಯಿಮುಚ್ಚಿಕೊಂಡು ಮೊಟ್ಟೆ ತಿಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಶಾಸ್ತ್ರ ತಿಳಿದವನಿಗೆ ಅಶಾಸ್ತ್ರೀಯ ನೋಡಿ ಸುಮ್ಮನಿರಲು ಆಗುವುದಿಲ್ಲ.

“ಏನು ಅನ್ಯಾಯ ಇದು! ಮಣ್ಣು ಮಾಡೋಕೆ ಮೊದಲೇ ಯಾರಾದ್ರೂ ಗಿಡ್ಡ ಮಣೆ ಮೇಲೆ ಕೂರಿಸ್ತಾರಾ? ಮೊಟ್ಟೆ ಕೊಡೋದೂ ಮಣ್ಣಾದ ಮೇಲೇನೇ!”

ಮೊಟ್ಟೆ ತುರುಕುತ್ತಿದ್ದವಳು ಕೈ ಹಿಂದಕ್ಕೆಳೆದುಕೊಂಡಳು.

“ಕೇಳಿದ್ರಾ?” ಎಂದಳು ಕೈಲೆ ಮೆಲ್ಲಗೆ. “ಇನ್ನೂ ಮಣ್ಣಾಗಿಲ್ಲ. ನನ್ನ ಕೂಸು ಅಲ್ಲಿ ಹಾಗೇ ಬಿದ್ದಿದೆ!” ಮರುಕ್ಷಣವೇ ಸಿಡಿದೆದ್ದಳು. “ಗಾಡಿ ಹೂಡ್ರೋ! ಕೋಡಿ ಬಟ್ಟೆ ತಗೊಳ್ರೇ! ಇವನ ಬೂಟೂ ಟೋಪಿಯೂ ಇಲ್ಲಿ ಕೊಡಿ, ಹೆಣದ ಮೆರವಣಿಗೆಗೆ ಬೇಕಾಗುತ್ತೆ. ಇವನನ್ನ ಗಾಡೀಲಿ ಹಾಕ್ಕೊಂಡು ಹೋಗೋಣ.”

ಗಾಡಿಯಲ್ಲಿ ಹಾಕಿಕೊಂಡು ಹೋಗುವುದು ಎಂದರೆ ವಾಪಸು! ಎಲ್ಲರೂ ಗಾಡಿಯ ಗಲಾಟೆಯಲ್ಲಿರುವಾಗ ಕೊಪೆಲ್ ಹಿತ್ತಿಲ ಬಾತುಕೋಳಿ ಗೂಡಿನ ಕಡೆಯಿಂದ ನುಸುಳಿ, ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು, ಕಾಲುಚೀಲದಲ್ಲೇ ಹೊಳೆಯ ದಂಡೆ ಹಿಡಿದು ಓಡಿದ. ಬಾಯಲ್ಲಿ ಇನ್ನೂ ಅರ್ಧ ಮೊಟ್ಟೆಯಿತ್ತು.

“ಹೊಳೆ ಕಡೆ ಓಡಿದ! ಹೊಳೆ ಕಡೆ!” ಎಂದು ಹಿಂದೆ ಹೆಂಗಸರು ಕೂಗುವುದು ಕೇಳಿಸಿತು.

ಹೊಳೆಯ ದಂಡೆ ಸರ್ಕಾರಿ ರಸ್ತೆಗೆ ಸೇರುವಲ್ಲಿ ಒಬ್ಬ ಕುದುರೆ ಪೊಲೀಸು ನಿಂತಿದ್ದ. ತಲೆಗೆ ಬಟ್ಟೆ ಕಟ್ಟಿಕೊಂಡು, ಬೂಟಿಲ್ಲದೆ, ಏದುಸಿರು ಬಿಡುತ್ತ ಓಡಿಬರುವ ಗಡ್ಡದವನನ್ನು ಕಂಡು ಕುದುರೆಯನ್ನು ಅಡ್ಡ ಹಾಕಿದ.

“ನಿಲ್ಲಯ್ಯ! ಎಲ್ಲಿಗೆ?”

“ಸ್ವಲ್ಪ ಮುಂದಕ್ಕೆ, ಸ್ವಾಮಿ.”

“ಮುಂದೆ ಏನಿದೆ?”

“ಏನೂ ಇಲ್ಲ.”

“ಮತ್ತೆ ಯಾಕೆ ಹೋಗ್ತಿದೀಯ?”

“ದೂರ ಆಗಬೇಕು ಅಷ್ಟೆ.”

“ಯಾರಿಂದ?”

“ನಮ್ಮ ಮನೆಯಿಂದ.”

ಪೊಲೀಸಿನವನೂ ಮದುವೆಯಾದವನೇ. ಒಂದು ಗಳಿಗೆ ಅವನ ಮುಖದಲ್ಲಿ ಕನಿಕರ ಮೂಡಿತು. ಆದರೆ ಕರ್ತವ್ಯ ಕರ್ತವ್ಯವೇ. “ಬೂಟು ಎಲ್ಲಿ?”

“ಸಾವಾಗಿದೆ ಅಂತ ಬಿಚ್ಚಿಸಿದರು.”

“ಯಾರು ಸತ್ತಿದ್ದು?”

“ಯಾರೂ ಸತ್ತಿಲ್ಲ ಸ್ವಾಮಿ!”

“ಸರಿ, ನಡಿ. ವೈಲರ್‌ಗೆ ಹಿಂದಕ್ಕೆ ಹೋಗೋಣ, ಅಲ್ಲಿ ನಿನ್ನ ಗುರುತು ಹಿಡಿಯೋರು ಯಾರಿದಾರೆ ನೋಡ್ತೀನಿ.”

ಹಿಂದಕ್ಕೆ! ಕೊಪೆಲ್ ರಸ್ತೆಯ ಮಧ್ಯೆ ಕುಕ್ಕರಿಸಿಬಿಟ್ಟ. “ಕಡಿದು ಹಾಕಿದ್ರೂ ಹಿಂದಕ್ಕೆ ಬರಲ್ಲ! ಮುಂದೆ ಯಾವುದಾದ್ರೂ ಜೈಲಿದ್ರೆ ಹೇಳಿ, ನಾನೇ ನಡ್ಕೊಂಡು ಬರ್ತೀನಿ!”

ಅಷ್ಟರಲ್ಲಿ ಗಾಡಿಯ ಸದ್ದು. ಹೊಸ ಲಾಳದ ಕುದುರೆ. ಗಾಡಿಯ ಮೇಲೆ, ಬೇರೆ ಯಾರಾದರೂ ಆಗಬಾರದಿತ್ತೇ, ಸೆಲಿಗ್ಮನ್.

“ಅರೆ, ಕೊಪೆಲಣ್ಣ!” ಅವನು ಗಾಡಿಯಿಂದ ಹಾರಿದ. ಪೊಲೀಸಿನವನಿಗೆ ಅವನ ಪರಿಚಯ ಚೆನ್ನಾಗಿಯೇ ಇತ್ತು. ಆ ಸೀಮೆಯಲ್ಲಿ ಸೆಲಿಗ್ಮನ್ನನ ಪರಿಚಯವಿಲ್ಲದ ಹಸುವೂ ಇರಲಿಲ್ಲ. “ಇವರು ನಮ್ಮೂರ ದೊಡ್ಡ ಪಂಡಿತರು ಸಾರ್. ನನ್ನ ಗುರುಗಳು. ನಾನು ಕರ್ಕೊಂಡು ಹೋಗ್ತೀನಿ.”

ಪೊಲೀಸಿನವನು ಗುರುಗಳ ಕಾಲುಚೀಲ ನೋಡಿ, ಶಿಷ್ಯನ ಮುಖ ನೋಡಿ, ಸಲಾಮು ಹೊಡೆದು ಹೋದ. ಜೈಲಿಗಾದರೂ ಹೋಗಿದ್ದರೆ ಚೆನ್ನಾಗಿತ್ತು ಎಂದುಕೊಂಡ ಕೊಪೆಲ್. ಆದರೆ ಬೇರೆ ಗತಿಯಿರಲಿಲ್ಲ. ಗಾಡಿ ಹತ್ತಿದ. ಹತ್ತಿ ಎಲ್ಲವನ್ನೂ ಹೇಳಿದ: ಗುಡಿಸಲು, ಗುಣಗುಣ, ಹೆಸರು, ಹರದಾರಿ.

ಸೆಲಿಗ್ಮನ್ ನಗುತ್ತಾನೆಂದು ಹಲ್ಲು ಕಚ್ಚಿ ಕಾದ. ಅವನು ನಗಲಿಲ್ಲ. “ಗಾಡೀಲಿ ಹೋದ್ರೂ ಲೆಕ್ಕಕ್ಕೆ ಬರುತ್ತಾ ಅಣ್ಣ?” ಎಂದಷ್ಟೇ ಕೇಳಿದ.

“ಬರುತ್ತೆ.”

“ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊ.” ಕುದುರೆಗೆ ಚಾಟಿ ಬಿತ್ತು. ವೈಲರ್‌ನ ಗಡಿ ಹಿಂದೆ ಬಿತ್ತು, ಗಿರಣಿ ಹಿಂದೆ ಬಿತ್ತು, ಹರದಾರಿ ಮುಗಿದು ಅದರ ಮೇಲೂ ಒಂದಿಷ್ಟು ಆಯಿತು. ಫ್ರೂಮೆಟಳ ಆಮೆನ್ ಉಳಿಯಿತು. ಕೊಪೆಲ್ ನಿಟ್ಟುಸಿರು ಬಿಟ್ಟ. ಸೆಲಿಗ್ಮನ್ ಗಾಡಿಯನ್ನು ಊರ ಕಡೆ ತಿರುಗಿಸಿದ. ಅವತ್ತಿನ ಸಂತೆ ಅವನಿಗೆ ತಪ್ಪಿತು.

“ಇವತ್ತು ನಿನ್ನನ್ನ ಕಳಿಸೋಕೆ ಎಷ್ಟು ಜನ ಬಂದಿದ್ರು?” ಕೊಪೆಲ್ ತಡೆಯಲಾರದೆ ಕೇಳಿದ.

“ಒಬ್ಬರೂ ಇಲ್ಲ. ಎಲ್ಲ ನಿನ್ನ ಮಾತೇ ಆಡ್ಕೊಂಡು ಕೂತಿದ್ರು. ಪ್ರಾರ್ಥನೇನ ಕುದುರೆಗೆ ಹೇಳಿ ಬಂದೆ.”

ಆ ಮಾತನ್ನು ಕೊಪೆಲ್ ಸಕ್ಕರೆ ತುಂಡಿನ ಹಾಗೆ ನಾಲಿಗೆಯಡಿ ಇಟ್ಟುಕೊಂಡು ಊರಿನವರೆಗೂ ಚೀಪಿದ.

ಇತ್ತ ಊರಿನಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು. ಕೈಲೆಯ ಗಾಡಿ ಕೊಪೆಲನ ಮನೆ ಮುಂದೆ ಬಂದು ನಿಂತಾಗ ಫ್ರೂಮೆಟ್ ಬಾಗಿಲಲ್ಲಿ ಪ್ಲಮ್ ಜ್ಯಾಮು ತಿರುವುತ್ತಿದ್ದಳು. ಹೆಣ ತೊಳೆಯಲು ಬಂದ ಕೈಲೆ ಹೆಣವೇ ಸೌಟು ಹಿಡಿದು ನಿಂತಿರುವುದನ್ನು ಕಂಡು ‘ಹ್ಞಾ!’ ಎಂದು ಕೂಗಿ ಗಾಡಿಯಲ್ಲೇ ಮೂರ್ಛೆ ಹೋದಳು. ಫ್ರೂಮೆಟ್ ಕಂಡದ್ದು ಬೇರೆ. ಗಾಡಿ ತುಂಬ ಹೆಣದ ಮಂಡಳಿಯ ಹೆಂಗಸರು, ಬಿಳಿ ಕೋಡಿ ಬಟ್ಟೆ, ಚಿಕ್ಕಮ್ಮನ ಮಡಿಲಲ್ಲಿ ಗಂಡನ ಟೋಪಿ, ಗಂಡನ ಬೂಟು.

“ಅವರೆಲ್ಲಿ?” ಎಂದು ಕೇಳಿದಳು.

ದೆವ್ವದ ಬಾಯಿಂದ ಪ್ರಶ್ನೆ ಕೇಳಿ ನಡುಗಿಹೋಗಿದ್ದ ಹೆಂಗಸರಿಗೆ ಒಂದೇ ಮಾತು ಹೊರಟಿತು. “ಹೊಳೆ ಕಡೆ… ಓಡಿದ…”

ಅಲ್ಲಿಗೆ ಮುಗಿಯಿತು.

ಕೊಪೆಲ್ ಮತ್ತು ಸೆಲಿಗ್ಮನ್ ಹಿಂದಿನ ಓಣಿಯಿಂದ ಬಂದು ಬೇಲಿಯ ಸಂದಿಯಲ್ಲಿ ನೋಡಿದಾಗ ಅಂಗಳದಲ್ಲಿ ಊರೇ ಸೇರಿತ್ತು. ಮಧ್ಯೆ ಫ್ರೂಮೆಟ್ ಬೂಟುಗಳನ್ನು ಎದೆಗವಚಿಕೊಂಡು ಕೂತಿದ್ದಳು.

“ನಾನೇ ಕೊಂದೆ! ನನ್ನ ಹಾಳು ನಾಲಿಗೆ! ಬೇರೆಯವರ ಗಂಡಂದಿರು ಹಬ್ಬಕ್ಕೊಮ್ಮೆ ಕಂಡ್ರೆ ಕಂಡ್ರು. ನಮ್ಮವರು ಮನೇಲಿದ್ರು. ಇದ್ರು ಅಂದ್ರೆ ಇದ್ರು! ಒಂದು ರಾತ್ರಿ ನನ್ನ ಒಂಟಿ ಬಿಟ್ಟೋರಲ್ಲ. ಚಳೀಲಿ ನನ್ನ ಕಾಲು ಮಂಜುಗಡ್ಡೆ ಆದ್ರೆ ಬೈಕೊಂಡು ಬೈಕೊಂಡು ತಮ್ಮ ಕಾಲಿಗೆ ಒತ್ತಿಕೊಳ್ಳೋರು!”

“ನಾನು ಹೋಗಿ ಹೇಳ್ತೀನಿ,” ಎಂದ ಸೆಲಿಗ್ಮನ್.

“ತಡಿಯಯ್ಯ,” ಕೊಪೆಲ್ ಅವನ ಕೋಟು ಹಿಡಿದೆಳೆದ. “ಮುಗಿಸಲಿ. ಇದುವರೆಗೂ ಇಷ್ಟು ಹೇಳಿದವಳೇ ಅಲ್ಲ.”

“ನಾನು ಮಾಡಿದ ಸಾರಿಗೆ ಒಂದು ದಿನ ಹೆಸರಿಟ್ಟೋರಲ್ಲ!” ಇದು ಶುದ್ಧ ಸುಳ್ಳು. ಕೊಪೆಲ್ ತಿದ್ದಲಿಲ್ಲ. “ಮತ್ತೆ ಇವತ್ತು ಬೆಳಿಗ್ಗೆ ಹೇಳಿದ ಆ ಪ್ರಾರ್ಥನೆ! ಅದರ ಮುಂದೆ ಸೆಲಿಗ್ಮನ್ ಯಾವ ಮೂಲೆಗೆ!”

ಕೊಪೆಲ್ ಮೊಣಕೈಯಿಂದ ತಿವಿದ. “ಕೇಳ್ತಾ?”

“ಕೇಳ್ತು ಬಿಡು,” ಎಂದ ಸೆಲಿಗ್ಮನ್. ಅವನ ದೊಡ್ಡ ದನಿ ಸಣ್ಣಗಾಗಿತ್ತು. “ನಾನು ಸೋಮವಾರ ಸತ್ರೆ ನಮ್ಮವಳಿಗೆ ಶುಕ್ರವಾರದವರೆಗೂ ಗೊತ್ತೇ ಆಗಲ್ಲ, ಅಣ್ಣ. ಶುಕ್ರವಾರವೂ ಮೀನು ತಣ್ಣಗಾಯ್ತು ಅಂತ ಬೈತಾಳೆ ಅಷ್ಟೆ.” ಬೇಲಿಯ ಸಂದಿಗೆ ಕಣ್ಣು ಹಚ್ಚಿ ನಿಂತ ಅವನ ಮುಖ ನೋಡಿ ಕೊಪೆಲನಿಗೆ ಆಶ್ಚರ್ಯವಾಯಿತು. ಆ ಮುಖ ಅವನಿಗೆ ಚೆನ್ನಾಗಿ ಗೊತ್ತು. ಪ್ರತಿ ಸೋಮವಾರ ಅಂಗಡಿಯ ಕನ್ನಡಿಯಲ್ಲಿ ನೋಡಿದ್ದ. ಸೆಲಿಗ್ಮನ್ನನಿಗೆ ತನ್ನ ಮೇಲೆ ಹೊಟ್ಟೆಕಿಚ್ಚು! ಕೊಪೆಲ್ ಆ ಗಳಿಗೆಯಲ್ಲಿ ಪಟ್ಟ ಸುಖವನ್ನು ಬದುಕಿರುವವರು ಪಡುವುದು ಕಷ್ಟ.

ಆಗ ರಬ್ಬಿ ಆಷೆರ್ ಮುಂದೆ ಬಂದರು. “ಫ್ರೂಮೆಟಮ್ಮ, ಏಳು ತಾಯಿ. ಸಾವಿನ ಸುದ್ದಿ ಬಂದಾಗ ಸತ್ಯವಾದ ನ್ಯಾಯಾಧಿಪತಿಯ ಸ್ತುತಿ ಹೇಳಿ ಬಟ್ಟೆ ಹರಿದುಕೊಳ್ಳಬೇಕು. ನಾನು ಹೇಳಿದ ಹಾಗೆ ಹೇಳು. ‘ಸ್ತುತಿ ನಿನಗೆ…’”

ಫ್ರೂಮೆಟ್ ಕುತ್ತಿಗೆಯ ಹತ್ತಿರ ರವಿಕೆ ಹಿಡಿದಳು. ಬಾಯಿ ತೆರೆದಳು.

ಇನ್ನು ಎರಡು ಮಾತಿಗೆ ದೇವರ ಹೆಸರು! ಬದುಕಿರುವವನ ಸಾವಿಗೆ! ಸುಮ್ಮನಿದ್ದರೆ ಹೊಗಳಿಕೆ ಇನ್ನೂ ಸಂಜೆಯವರೆಗೆ ನಡೆಯುತ್ತಿತ್ತು, ಎಲ್ಲ ಗೊತ್ತಿತ್ತು ಕೊಪೆಲನಿಗೆ. ಆದರೂ ಕಾಲು ನಿಲ್ಲಲಿಲ್ಲ. ಬೇಲಿ ಮುರಿದುಕೊಂಡು ಅಂಗಳಕ್ಕೆ ಬಿದ್ದ.

“ನಿಲ್ಸು! ಹೆಸರು ಹೇಳಬೇಡ! ವ್ಯರ್ಥ ಸ್ತುತಿ ಆಗುತ್ತೆ, ನಾನು ಸತ್ತಿಲ್ಲ!”

ಗುಂಪೆಲ್ ಕೀಲಿಕೈ ಬಿಸಾಕಿ ಓಡಿದ. ಆಗತಾನೇ ಎಚ್ಚರಗೊಂಡಿದ್ದ ಕೈಲೆ ಮತ್ತೆ ಮೂರ್ಛೆ ಹೋದಳು. ಫ್ರೂಮೆಟ್ ಮಾತ್ರ ಕದಲಲಿಲ್ಲ. ತಲೆಗೆ ಕಟ್ಟಿದ ಕರವಸ್ತ್ರದಿಂದ ಹರಿದ ಕಾಲುಚೀಲದವರೆಗೆ ಗಂಡನನ್ನು ನೋಡಿದಳು. ಆಮೇಲೆ ಒಂದು ಬೂಟು ಬೀಸಿದಳು. ಅದು ಹೆಗಲಿಗೆ ತಗುಲಿತು. ಇನ್ನೊಂದನ್ನು ಬೀಸಿದಳು, ಅದು ರಬ್ಬಿಗೆ ತಗುಲಿತು. ಆಮೇಲೆ ಓಡಿಬಂದು ಅವನನ್ನು ಹಿಡಿದು ಅತ್ತಳು, ಅಳುತ್ತಲೇ ಬೈದಳು, ಬೈಯುತ್ತಲೇ ಕಾಲಿನ ಬೊಬ್ಬೆಗೆ ಎಣ್ಣೆ ಹಚ್ಚಿದಳು. ವಿಷಯವೆಲ್ಲ ಹೊರಬಿತ್ತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೆಲಿಗ್ಮನ್ ಮಾತ್ರ ನಗದೆ ಗಾಡಿ ಬಿಚ್ಚಿ, ಸೋಮವಾರವೇ ಮನೆಗೆ ಬಂದ ತಪ್ಪಿಗೆ ಹೆಂಡತಿಯಿಂದ ಬೈಸಿಕೊಳ್ಳಲು ಹೋದ.

ಸಂಜೆ ಕೊಪೆಲ್ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಊಟಕ್ಕೆ ಕೂತ. ಫ್ರೂಮೆಟ್ ಸಾರು ಬಡಿಸಿದಳು. ಸ್ವಲ್ಪ ಹೊತ್ತು ಕಾದ. ಅವಳು ಬ್ರೆಡ್ಡು ಕತ್ತರಿಸಿದಳು.

“ಅಲ್ವೇ,” ಎಂದ ಮೆಲ್ಲಗೆ, “ಅಂಗಳದಲ್ಲಿ ಕೂತ್ಕೊಂಡು ಏನೋ ಹೇಳ್ತಿದ್ದೆಯಲ್ಲ. ಅರ್ಧಕ್ಕೇ ನಿಂತುಹೋಯ್ತು. ಮಿಕ್ಕಿದ್ದು ಹೇಳು ನೋಡೋಣ.”

“ಯಾವುದ್ರೀ?”

“ಅದೇ. ನಾನು ಎಂಥವನು ಅಂತ.”

ಫ್ರೂಮೆಟ್ ಸೌಟನ್ನು ಪಾತ್ರೆಗೆ ಹಾಕಿದಳು. “ಅದು ನಿಮಗಲ್ಲ ಹೇಳಿದ್ದು. ಹೋದವರಿಗೆ ಹೇಳಿದ್ದು. ಅವರೇನು ನಿಮ್ಮ ಹಾಗಿದ್ರಾ?” ಅಷ್ಟು ಹೇಳುವುದರೊಳಗೆ ಅವಳ ಕಣ್ಣು ಮತ್ತೆ ಒದ್ದೆಯಾಯಿತು. ಏಪ್ರನ್ನಿನ ತುದಿಯಿಂದ ಒತ್ತಿಕೊಂಡಳು. “ದೇವರಂಥ ಮನುಷ್ಯ,” ಎಂದಳು ಯಾರಿಗೋ.

ಕೊಪೆಲ್ ಚಮಚ ಕೆಳಗಿಟ್ಟ. ಸಾರಿಗೆ ಉಪ್ಪಿರಲಿಲ್ಲ, ಆದರೆ ಅದನ್ನು ಹೇಳುವ ಹಾಗೂ ಇರಲಿಲ್ಲ. ಸೆಲಿಗ್ಮನ್ ಎಷ್ಟು ಕೆಟ್ಟವನಾದರೂ ವಾರದಲ್ಲಿ ಐದು ದಿನ ಊರು ಬಿಟ್ಟು ಹೋಗುತ್ತಿದ್ದ. ಈ ಹೊಸಬ, ಸತ್ತುಹೋದ ಕೊಪೆಲ್, ಎಲ್ಲಿಗೂ ಹೋಗುವವನಲ್ಲ. ಇನ್ನು ಮನೆಯಲ್ಲೇ ಇರುತ್ತಾನೆ.